ಸೋತವರ ಪಕ್ಕ ಕೂತು ಬರೆದ ರೋಜರ್ ಏಂಜೆಲ್

1962ರಲ್ಲಿ ನ್ಯೂಯಾರ್ಕಿನಲ್ಲಿ ಮೆಟ್ಸ್ ಅನ್ನುವ ಹೊಸ ಬೇಸ್‌ಬಾಲ್ ತಂಡ ಆಟ ಶುರು ಮಾಡಿತು. ಮೊದಲ ಸೀಸನ್‌ನಲ್ಲಿ ಅದು ಗೆದ್ದದ್ದು 40 ಪಂದ್ಯ, ಸೋತದ್ದು 120. ಅದೇ ಊರಿನ ಯಾಂಕೀಸ್ ತಂಡ ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ, ಗೆದ್ದಿತು. ಗೆಲ್ಲುವ ತಂಡ ಊರಲ್ಲೇ ಇರುವಾಗ ದಿನಾ ಸೋಲುವ ತಂಡವನ್ನು ನೋಡಲು ಯಾರು ಹೋಗುತ್ತಾರೆ? ಆದರೂ ಜನ ಹೋದರು. ಹಳೆಯ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಕೂತು, ತಂಡ ಎಷ್ಟೋ ರನ್ ಹಿಂದೆ ಬಿದ್ದಿದ್ದರೂ ಗಂಟಲು ಹರಿಯುವಂತೆ ಕೂಗಿದರು.

ಆ ಜನರ ನಡುವೆ ಒಬ್ಬ ಬರಹಗಾರ ಕೂತಿದ್ದರು. ಹೆಸರು ರೋಜರ್ ಏಂಜೆಲ್. ತಂಡ ಯಾಕೆ ಸೋಲುತ್ತಿದೆ ಅನ್ನುವುದನ್ನು ಊರಿನ ಪತ್ರಿಕೆಗಳೆಲ್ಲ ಬರೆಯುತ್ತಿದ್ದವು. ಏಂಜೆಲ್ ಕೇಳಿದ್ದು ಬೇರೆ ಪ್ರಶ್ನೆ. ಈ ಜನ ಯಾಕೆ ಕೂಗುತ್ತಿದ್ದಾರೆ? ಅವರಿಗೆ ಸಿಕ್ಕ ಉತ್ತರ ಇಷ್ಟು. ಯಾಂಕೀಸ್ ಥರ ಸದಾ ಗೆಲ್ಲುವುದು ನಮ್ಮಂಥವರ ಬದುಕಿನಲ್ಲಿ ನಡೆಯುವ ಮಾತಲ್ಲ. ನಮ್ಮೆಲ್ಲರೊಳಗೂ ಯಾಂಕೀಸ್‌ಗಿಂತ ಮೆಟ್ಸ್ ಜಾಸ್ತಿ ಇದೆ. ಹಾಗಾಗಿ ಆ ಕೂಗು ನಮ್ಮ ಪರವಾಗಿಯೇ ನಾವು ಹಾಕಿಕೊಳ್ಳುವ ಕೂಗು.

ಏಂಜೆಲ್ ತೀರಿಕೊಂಡದ್ದು 2022ರ ಮೇ 20ರಂದು, 101ನೇ ವಯಸ್ಸಿನಲ್ಲಿ. ನಾನಿರುವ ಈ ನ್ಯೂಜೆರ್ಸಿಯಲ್ಲಿ, ನನ್ನ ಜೊತೆ ಕೆಲಸ ಮಾಡುವವರು ಮನೆಯ ಹಿರಿಯರೊಬ್ಬರು ಹೋದ ಹಾಗೆ ಅವರ ಬಗ್ಗೆ ಮಾತಾಡಿಕೊಂಡರು. ಒಬ್ಬ ಕ್ರೀಡಾ ಬರಹಗಾರನನ್ನು ಜನ ಇಷ್ಟು ಪ್ರೀತಿಸುತ್ತಾರಾ ಅನ್ನಿಸಿತು. ಬೇಸ್‌ಬಾಲ್ ನನಗೆ ಅರ್ಥವಾದದ್ದೇ ಅವರ ಬರವಣಿಗೆಯಿಂದ. ಆಟದ ನಿಯಮ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಆಟವನ್ನು ಯಾಕೆ ನೋಡಬೇಕು ಅಂತ ಹೇಳಿಕೊಟ್ಟವರು ಅವರು. ಅವರನ್ನು ಓದಿದ ಮೇಲೆ ನಾನು ಕ್ರಿಕೆಟ್ ನೋಡುವ ರೀತಿಯೂ ಬದಲಾಯಿತು. ನಮ್ಮ ಕನ್ನಡದ ಕ್ರೀಡಾ ಬರವಣಿಗೆಯ ಬಗ್ಗೆ ಒಂದು ಕೊರಗೂ ಅಂಟಿಕೊಂಡಿತು. ಆ ಕೊರಗನ್ನು ಬಿಚ್ಚಿಟ್ಟು ಮಾತಾಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಏಂಜೆಲ್ ಕ್ರೀಡಾ ವರದಿಗಾರರಾಗಿ ಬೆಳೆದವರಲ್ಲ. ಅವರ ಕೆಲಸ ಕಥೆಗಳದ್ದು. ತಾಯಿ ಕ್ಯಾಥರೀನ್ ‘ದ ನ್ಯೂಯಾರ್ಕರ್’ ಪತ್ರಿಕೆಯ ಕಥಾ ವಿಭಾಗವನ್ನು ಕಟ್ಟಿದ ಸಂಪಾದಕಿ. ಮಲತಂದೆ ಇ.ಬಿ. ವೈಟ್ ಅಮೆರಿಕದ ದೊಡ್ಡ ಪ್ರಬಂಧಕಾರ. ಏಂಜೆಲ್ ಕೂಡ 1956ರಲ್ಲಿ ಅದೇ ಪತ್ರಿಕೆಯಲ್ಲಿ ಕಥಾ ಸಂಪಾದಕರಾದರು. ಜಾನ್ ಅಪ್‌ಡೈಕ್, ವಿಲಿಯಂ ಟ್ರೆವರ್ ಅಂಥವರ ಕಥೆಗಳನ್ನು ತಿದ್ದಿ ಅಚ್ಚಿಗೆ ಕಳಿಸುತ್ತಿದ್ದರು. ಏಂಜೆಲ್ ಅವರನ್ನು 1962ರಲ್ಲಿ ಪತ್ರಿಕೆಯ ಸಂಪಾದಕ ವಿಲಿಯಂ ಶಾನ್ ಫ್ಲೋರಿಡಾಕ್ಕೆ ಕಳಿಸಿದರು. ಸೀಸನ್ ಶುರುವಾಗುವ ಮೊದಲು ತಂಡಗಳು ಅಲ್ಲಿ ಅಭ್ಯಾಸ ಮಾಡುತ್ತವೆ, ಅದರ ಬಗ್ಗೆ ಏನಾದರೂ ಬರೆದುಕೊಂಡು ಬನ್ನಿ ಅಂತ.

ಏಂಜೆಲ್‌ಗೆ ಆಟಗಾರರ ಹತ್ತಿರ ಹೋಗಿ ಮಾತಾಡಿಸಲು ಅಳುಕು. ಹಾಗಾಗಿ ಪ್ರೇಕ್ಷಕರ ಸಾಲಿನಲ್ಲಿ ಕೂತರು. ಫ್ಲೋರಿಡಾದ ಆ ಸಣ್ಣ ಮೈದಾನಗಳಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದವರು ಹೆಚ್ಚಿನವರು ನಿವೃತ್ತರಾದ ಮುದುಕರು. ಏಂಜೆಲ್ ಅವರ ಬಗ್ಗೆಯೇ ಬರೆದರು. ಮುದುಕರು ನೋಡುತ್ತಾರೆ, ಹುಡುಗರು ಆಡುತ್ತಾರೆ, ನಡುವೆ ಒಂದು ಬೇಲಿ. ಅಲ್ಲಿಂದ ಅವರ ದಾರಿ ಶುರುವಾಯಿತು. ಮುಂದೆ ಪ್ರೆಸ್ ಬಾಕ್ಸಿಗೂ ಹೋದರು, ಆಟಗಾರರ ಜೊತೆ ಗಂಟೆಗಟ್ಟಲೆ ಕೂತರು. ಆದರೆ ಬರೆಯುವ ಕಣ್ಣು ಮಾತ್ರ ಟಿಕೆಟ್ ಕೊಂಡು ಒಳಗೆ ಬಂದವನ ಕಣ್ಣೇ ಆಗಿ ಉಳಿಯಿತು.

ಅವರಿಗೆ ಇನ್ನೊಂದು ಭಾಗ್ಯ ಇತ್ತು. ಸಮಯ. ಮ್ಯಾಚ್ ಮುಗಿದ ಅರ್ಧ ಗಂಟೆಗೆ ಸುದ್ದಿ ಕಳಿಸುವ ಒತ್ತಡ ಅವರಿಗಿರಲಿಲ್ಲ. ವರ್ಷಕ್ಕೆ ಕೆಲವೇ ಲೇಖನ ಬರೆಯುತ್ತಿದ್ದರು. ವರ್ಲ್ಡ್ ಸೀರೀಸ್ ಅಕ್ಟೋಬರ್‌ನಲ್ಲಿ ಮುಗಿದರೆ ಅವರ ಲೇಖನ ಬರುತ್ತಿದ್ದದ್ದು ವಾರಗಳ ಮೇಲೆ. ಯಾರು ಗೆದ್ದರು ಅನ್ನುವುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಜನ ಕಾದು ಓದುತ್ತಿದ್ದರು. ನಮ್ಮಲ್ಲಿ ಇದನ್ನು ಊಹಿಸಿಕೊಳ್ಳುವುದೂ ಕಷ್ಟ. ಮುಗಿದುಹೋದ ಮ್ಯಾಚ್ ನಮ್ಮ ಪತ್ರಿಕೆಗೆ ಮರುದಿನವೇ ಹಳಸಲು.

ನನಗೆ ಬಹಳ ಇಷ್ಟವಾದ ಅವರ ಲೇಖನ ಸ್ಟೀವ್ ಬ್ಲಾಸ್ ಬಗ್ಗೆ ಇರುವುದು. ಬ್ಲಾಸ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು. 1971ರ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆಲ್ಲಿಸಿಕೊಟ್ಟವರು, ಕೊನೆಯ ಏಳನೇ ಪಂದ್ಯವನ್ನೂ ಸೇರಿಸಿ. 1972ರಲ್ಲಿ ಅವರ ಹೆಸರಿನಲ್ಲಿ 19 ಗೆಲುವು. 1973ರಲ್ಲಿ ಇದ್ದಕ್ಕಿದ್ದಂತೆ ಚೆಂಡನ್ನು ಬೇಕಾದ ಕಡೆ ಎಸೆಯಲು ಆಗದೇ ಹೋಯಿತು. ಗಾಯ ಇಲ್ಲ, ಕಾಯಿಲೆ ಇಲ್ಲ. ಕೈ ಸರಿ ಇದೆ, ತೋಳಿನಲ್ಲಿ ಶಕ್ತಿ ಇದೆ. ಅಭ್ಯಾಸದಲ್ಲಿ ಎಲ್ಲ ಸರಿ ಹೋಗುತ್ತದೆ, ಎದುರಿಗೆ ಬ್ಯಾಟರ್ ನಿಂತರೆ ಚೆಂಡು ಎಲ್ಲೆಲ್ಲಿಗೋ ಹಾರುತ್ತದೆ. 1975ರ ಹೊತ್ತಿಗೆ ಆಟ ಮುಗಿದೇ ಹೋಯಿತು.

ಉಳಿದವರು ಬ್ಲಾಸ್ ಕಥೆ ಮುಗಿಯಿತು ಅಂತ ಪುಟ ತಿರುಗಿಸಿದ ಹೊತ್ತಿಗೆ ಏಂಜೆಲ್ ಪಿಟ್ಸ್‌ಬರ್ಗಿಗೆ ಹೋದರು. ಬ್ಲಾಸ್ ಜೊತೆ ಕೂತರು. ಅವರ ಜೊತೆ ಆಡಿದವರನ್ನು, ತರಬೇತಿ ಕೊಟ್ಟವರನ್ನು ಮಾತಾಡಿಸಿದರು. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಏಂಜೆಲ್ ಯಾವ ಕಾರಣವನ್ನೂ ಇದೇ ಸರಿ ಅಂತ ಓದುಗರ ಕೈಗೆ ಕೊಡುವುದಿಲ್ಲ. ಕೊನೆಗೆ ಅವರು ಬ್ಲಾಸ್‌ಗೆ ಒಂದು ಮಾತು ಕೇಳುತ್ತಾರೆ. ಸಿನ್ಸಿನಾಟಿ ತಂಡ ಎದುರಿಗಿದೆ ಅಂದುಕೊಳ್ಳಿ, ಒಂದು ಇನಿಂಗ್ಸ್ ಎಸೆಯಿರಿ ನೋಡೋಣ. ಬ್ಲಾಸ್ ಕೂತಲ್ಲೇ, ಮನಸ್ಸಿನಲ್ಲೇ, ಒಂದೊಂದು ಚೆಂಡನ್ನೂ ಎಸೆಯುತ್ತಾ ಹೋಗುತ್ತಾರೆ. ಯಾರಿಗೆ ಯಾವ ಚೆಂಡು, ಎಲ್ಲಿಗೆ, ಯಾಕೆ. ಕೈ ಮರೆತದ್ದೆಲ್ಲ ತಲೆಯಲ್ಲಿ ಹಾಗೇ ಇದೆ. ಅದನ್ನು ಓದುವಾಗ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಗುತ್ತದೆ. ಗೆದ್ದವನ ಸಂದರ್ಶನ ಓದಿ ನನಗೆ ಯಾವತ್ತೂ ಹಾಗಾಗಿಲ್ಲ.

ನಮ್ಮಲ್ಲಿ ಇಂಥವರು ಇಲ್ಲವಾ? ರಣಜಿಗೆ ಒಂದೆರಡು ಸೀಸನ್ ಆಡಿ ಮಾಯವಾದ ವೇಗದ ಬೌಲರ್‌ಗಳು, ಹತ್ತೊಂಬತ್ತರ ಒಳಗಿನ ತಂಡದಲ್ಲಿ ಹೊಳೆದು ಆಮೇಲೆ ಬ್ಯಾಂಕಿನ ಕೌಂಟರಿಗೆ ಹೋದವರು, ಎಷ್ಟು ಜನ. ಅವರ ಸುದ್ದಿ ನಮಗೆ ಸಿಗುವುದು ಎರಡೇ ಸಲ. ಆಯ್ಕೆಯಾದಾಗ ಒಂದು ಸಲ, ಕೈಬಿಟ್ಟಾಗ ಇನ್ನೊಂದು ಸಲ. ನಡುವಿನದನ್ನು ಕೇಳಲು ಯಾರೂ ಅವರ ಮನೆಗೆ ಹೋಗುವುದಿಲ್ಲ.

ವರದಿಗಾರರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಜಿಲ್ಲೆಯಲ್ಲಿ ಕೆಲಸ ಮಾಡುವ ಕನ್ನಡದ ವರದಿಗಾರ ಬೆಳಿಗ್ಗೆ ಅಪಘಾತ, ಮಧ್ಯಾಹ್ನ ಮಂತ್ರಿಗಳ ಸಭೆ, ಸಂಜೆ ವಾಲಿಬಾಲ್ ಟೂರ್ನಿ ಎಲ್ಲವನ್ನೂ ಬರೆಯಬೇಕು. ಟೂರ್ನಿಗೆ ಸಿಗುವ ಜಾಗ ನಾಲ್ಕು ಸಾಲು. ಅದರಲ್ಲಿ ಎರಡು ಸಾಲು ಉದ್ಘಾಟನೆ ಮಾಡಿದವರ ಹೆಸರಿಗೇ ಹೋಗುತ್ತದೆ. ಇಷ್ಟು ಬಿಗಿಯಾದ ಜಾಗದಲ್ಲಿ ಏಂಜೆಲ್ ಆದರೂ ಏನು ಬರೆದಾರು?

ನನ್ನ ತಕರಾರು ಪುಟದ ಮೇಲೆ. ನಮ್ಮ ಕ್ರೀಡಾ ಪುಟದ ಶೀರ್ಷಿಕೆಗಳನ್ನು ನೋಡಿ. ಭರ್ಜರಿ ಜಯ, ಹೀನಾಯ ಸೋಲು, ರನ್ ಮಳೆ, ಮಣ್ಣುಮುಕ್ಕಿಸಿದ, ಧೂಳೀಪಟ. ಪ್ರತಿ ದಿನವೂ ಯುದ್ಧ. ಸೋಲು ಅಂದಮೇಲೆ ಹೀನಾಯವೇ ಆಗಬೇಕಾ? ಚೆನ್ನಾಗಿ ಆಡಿ ಸೋಲುವುದೂ ಇದೆ, ಅಲ್ವಾ?

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್ ನೆನಪಿಸಿಕೊಳ್ಳಿ. ಎದುರಿಗೆ ಮುಂಬೈ. ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕ 130ಕ್ಕೆ ಆಲ್ ಔಟ್. ಎರಡನೆಯದರಲ್ಲಿ ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದರು. ಮೈದಾನದ ಸುತ್ತ ಜನ ಕಿಕ್ಕಿರಿದು ನಿಂತಿದ್ದರು. 331ಕ್ಕೆ ಆಟ ಮುಗಿಯಿತು. ಆರು ರನ್ ಸೋಲು. ಆ ಪಂದ್ಯದ ಸ್ಕೋರ್ ಕಾರ್ಡ್ ಇವತ್ತು ಯಾರು ಬೇಕಾದರೂ ತೆಗೆದು ನೋಡಬಹುದು. ಆದರೆ ಕೊನೆಯ ವಿಕೆಟ್ ಬಿದ್ದ ಕ್ಷಣ ಆ ಜನ ಏನು ಮಾಡಿದರು? ಮಾನಸಗಂಗೋತ್ರಿಯಿಂದ ಮನೆಗೆ ನಡೆದುಹೋಗುವಾಗ ಏನು ಮಾತಾಡಿಕೊಂಡರು? ಟಿವಿ ಇದ್ದರೂ ಬಿಸಿಲಲ್ಲಿ ನಿಂತು ನೋಡಬೇಕು ಅಂತ ಅವರಿಗೆ ಅನ್ನಿಸಿದ್ದು ಯಾಕೆ? ನಾನು ದೂರದಲ್ಲಿದ್ದು ಇಂಟರ್‌ನೆಟ್ಟಿನಲ್ಲಿ ಸ್ಕೋರ್ ನೋಡಿದವನು. ನನಗೆ ಬೇಕಾದದ್ದು ಆ ಬರಹ. ಈಗಲೂ ಬೇಕು. ಅಲ್ಲಿದ್ದವರು ಯಾರಾದರೂ ಈಗ ಬರೆದರೂ ಅದು ಹಳಸಿರುವುದಿಲ್ಲ.

ಏಂಜೆಲ್ ಇಂಥದ್ದನ್ನು ಹೇಗೆ ಬರೆಯುತ್ತಿದ್ದರು ಅನ್ನಲು 1981ರ ಒಂದು ಪಂದ್ಯ ಸಾಕು. ಅದು ದೊಡ್ಡ ಪಂದ್ಯವೇನಲ್ಲ. ಕಾಲೇಜು ಹುಡುಗರ ಆಟ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಅಂಚಿನ ಮೈದಾನದಲ್ಲಿ ಯೇಲ್ ಮತ್ತು ಸೇಂಟ್ ಜಾನ್ಸ್ ತಂಡಗಳು ಎದುರಾದವು. ಪಿಚರ್ ಆಗಿ ಯೇಲ್ ಕಡೆ ರಾನ್ ಡಾರ್ಲಿಂಗ್, ಆ ಕಡೆ ಫ್ರ್ಯಾಂಕ್ ವಯೋಲಾ. ಡಾರ್ಲಿಂಗ್ 11 ಇನಿಂಗ್ಸ್ ಎಸೆದರು, ಒಂದೇ ಒಂದು ಹಿಟ್ ಬಿಟ್ಟುಕೊಡಲಿಲ್ಲ, ಅಂದರೆ ಯಾವ ಬ್ಯಾಟರನ್ನೂ ಚೆಂಡು ಹೊಡೆದು ಬೇಸ್ ತಲುಪಲು ಬಿಡಲಿಲ್ಲ. ಆದರೆ ವಯೋಲಾ ಕೂಡ ರನ್ ಕೊಡಲಿಲ್ಲ. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಆಟ 9 ಇನಿಂಗ್ಸ್. ಇದು 12ಕ್ಕೆ ಹೋಯಿತು. 12ರಲ್ಲಿ ಡಾರ್ಲಿಂಗ್ ಒಂದು ಹಿಟ್ ಕೊಟ್ಟರು. ಎದುರಾಳಿ ತಂಡದವರೇ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಯೇಲ್ 1-0 ಅಂತರದಲ್ಲಿ ಸೋತಿತು.

ಏಂಜೆಲ್ ಆ ದಿನ ತಮ್ಮ ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡಿದ್ದರು ಗೊತ್ತಾ? ಸ್ಮೋಕಿ ಜೋ ವುಡ್ ಅವರನ್ನು. 1912ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪರ 34 ಪಂದ್ಯ ಗೆದ್ದ ಪಿಚರ್. ಆಮೇಲೆ ತೋಳು ಕೆಟ್ಟಿತು, ಯೇಲ್‌ನಲ್ಲಿ ಕೋಚ್ ಆದರು. 1981ರಲ್ಲಿ ಅವರ ವಯಸ್ಸು 91. ಆ ಅಜ್ಜ ತನ್ನ ಹಳೆಯ ಮೈದಾನದಲ್ಲಿ ಕೂತು ಒಬ್ಬ ಹುಡುಗ ಎಸೆಯುವುದನ್ನು ನೋಡುತ್ತಾರೆ. ಏಂಜೆಲ್ ಅಜ್ಜನನ್ನೂ ನೋಡುತ್ತಾರೆ, ಹುಡುಗನನ್ನೂ ನೋಡುತ್ತಾರೆ. ಬೇಸ್‌ಬಾಲ್‌ನ ಎಪ್ಪತ್ತು ವರ್ಷ ಒಂದು ಮಧ್ಯಾಹ್ನದಲ್ಲಿ ಬಂದು ಕೂರುತ್ತದೆ. ಆ ಲೇಖನ ಓದಿದವರಿಗೆ ಯೇಲ್ ಸೋತದ್ದು ಸೋಲು ಅನ್ನಿಸುವುದೇ ಇಲ್ಲ.

ಅದನ್ನು ಓದಿದಾಗಲೆಲ್ಲ ನನಗೆ ನಮ್ಮ ವಿಶಿ ನೆನಪಾಗುತ್ತಾರೆ. 1980ರಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ಜಿ.ಆರ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಪರದಾಡುತ್ತಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶಿಗೆ ಖಾತ್ರಿ ಇತ್ತು. ಟೇಲರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಜೊತೆಯಾಟ ಕಟ್ಟಿದರು. ಭಾರತ 10 ವಿಕೆಟ್‌ನಿಂದ ಸೋತಿತು. ಇದು ಕರ್ನಾಟಕದ ಮನೆಮನೆಗೆ ಗೊತ್ತಿರುವ ಕಥೆ. ಆದರೆ ನಾವು ಅದನ್ನು ಯಾವಾಗಲೂ ಎರಡೇ ವಾಕ್ಯದಲ್ಲಿ ಹೇಳುತ್ತೇವೆ. ವಿಶಿ ದೊಡ್ಡ ಮನುಷ್ಯ, ಆಟಕ್ಕಿಂತ ನ್ಯಾಯ ದೊಡ್ಡದು ಅಂದ, ಅಷ್ಟೇ. ಆ ಎರಡು ವಾಕ್ಯದೊಳಗೆ ಒಂದು ಇಡೀ ದಿನ ಇದೆ. ಬೌಲ್ ಮಾಡಿದವರ ಮುಖ ಇದೆ. ಜೊತೆಯಾಟ ನೂರು ದಾಟಿದಾಗ ಸ್ಲಿಪ್‌ನಲ್ಲಿ ನಿಂತ ನಾಯಕನ ಮೌನ ಇದೆ. ಗ್ಯಾಲರಿಯಲ್ಲಿ ಕೂತವರ ಸಿಟ್ಟೂ ಇದ್ದಿರಬೇಕು. ಒಳ್ಳೆಯತನಕ್ಕೆ ಬೆಲೆ ತೆತ್ತ ಮನುಷ್ಯನ ಬಗ್ಗೆ ಎರಡು ವಾಕ್ಯ ಸಾಲದು.

ನಮ್ಮ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ವಿಷಯದಲ್ಲೂ ಹೀಗೇ. ಪೋಲಿಯೋ ಆದ ಕೈ, 242 ವಿಕೆಟ್, 167 ರನ್. ಕ್ವಿಜ್‌ನಲ್ಲಿ ಕೇಳಲು ಚೆಂದದ ಪ್ರಶ್ನೆ. ಆ ಕೈಯಿಂದ ಬರುವ ಚೆಂಡು ಏನು ಮಾಡುತ್ತದೆ ಅಂತ ಅವರಿಗೇ ಎಷ್ಟು ಗೊತ್ತಿರುತ್ತಿತ್ತು, ವಿಕೆಟ್ ಹಿಂದೆ ನಿಂತ ಕೀಪರ್ ಅದನ್ನು ಹೇಗೆ ಓದುತ್ತಿದ್ದರು, ಇದನ್ನೆಲ್ಲ ಕನ್ನಡದಲ್ಲಿ ಹತ್ತು ಪುಟ ಓದಬೇಕು ಅಂತ ಆಸೆ.

ಅಂಕಿಗಳ ಮೇಲೆ ನನಗೆ ದ್ವೇಷ ಇಲ್ಲ. ಏಂಜೆಲ್‌ಗೂ ಇರಲಿಲ್ಲ. ಅಂಕಿ ಕಥೆಯ ಬಾಗಿಲು ಮುಚ್ಚಿಬಿಟ್ಟಾಗ ಮಾತ್ರ ಬೇಜಾರು. 2020ರ ಫೆಬ್ರುವರಿಯಲ್ಲಿ ನಡೆದದ್ದು ನೆನಪಿರಬಹುದು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿದರು, 100 ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ಗಿಂತ ವೇಗ. ಸ್ವಲ್ಪ ದಿನದಲ್ಲಿ ಸುದ್ದಿ ಅಮೆರಿಕದ ಟಿವಿಗೂ ಬಂತು. ನನ್ನ ಆಫೀಸಿನವರು ಬಂದು ಕೇಳಿದರು, ಇದು ನಿಮ್ಮ ಕಡೆಯದ್ದಾ ಅಂತ. ಹೆಮ್ಮೆಯಾಯಿತು. ಆದರೆ ಅವರಿಗೆ ಕಂಬಳ ಅಂದರೆ ಏನು ಅಂತ ಹೇಳಲು ಹೋದಾಗ, ಆ ಸುದ್ದಿಗಳಲ್ಲಿ ಒಂದರಲ್ಲೂ ಕಂಬಳ ಇರಲಿಲ್ಲ ಅನ್ನುವುದು ಗೊತ್ತಾಯಿತು. ಇದ್ದದ್ದು ಬರೀ ಸೆಕೆಂಡು.

ಓಟದ ಶ್ರೇಯಸ್ಸು ಕೋಣಗಳಿಗೂ ಸೇರಬೇಕು ಅಂತ ಗೌಡರೇ ಹೇಳಿದ್ದರು. ಆ ಮಾತನ್ನು ಹಿಡಿದು ಮುಂದೆ ಹೋಗಿದ್ದರೆ ಎಷ್ಟೆಲ್ಲ ಸಿಗುತ್ತಿತ್ತು. ಕೋಣ ಸಾಕುವವರು, ಅವುಗಳಿಗೆ ಎಣ್ಣೆ ತಿಕ್ಕುವವರು, ಕೋಣದ ಹೆಸರು ಕೂಗಿ ಕರೆಯುವ ಮಕ್ಕಳು. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳಿವೆ. ಕನೆ ಹಲಗೆಯಲ್ಲಿ ವೇಗಕ್ಕೆ ಲೆಕ್ಕವೇ ಇಲ್ಲ. ಹಲಗೆಯ ಮೇಲೆ ನಿಂತು ಓಡಿಸುವಾಗ ಚಿಮ್ಮುವ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದ ಲೆಕ್ಕ. ನೀರನ್ನು ಎತ್ತರಕ್ಕೆ ಹಾರಿಸಿ ಗೆಲ್ಲುವ ಆಟ! ಬೋಲ್ಟ್ ಹೋಲಿಕೆಯಲ್ಲಿ ಇದಕ್ಕೆ ಜಾಗವೇ ಸಿಗಲಿಲ್ಲ. ಏಂಜೆಲ್ ಒಂದು ಬೇಸ್‌ಬಾಲ್ ಚೆಂಡಿನ ಬಗ್ಗೆಯೇ, ಅದರ ತೂಕ, ಅಳತೆ, ಒಳಗಿನ ಬೆಂಡು, ಸುತ್ತಿದ ನೂಲು, ಕೈಯಲ್ಲಿ ಹಿಡಿದಾಗ ಎಸೆಯಬೇಕು ಅನ್ನಿಸುವ ಆಸೆ, ಇಷ್ಟನ್ನೂ ಬಿಡಿಸಿ ಬರೆದವರು. ಅವರ ಕೈಗೆ ಕಂಬಳದ ಹಲಗೆ ಸಿಕ್ಕಿದ್ದರೆ ಅಂತ ಯೋಚಿಸುತ್ತೇನೆ.

ಈಗ ಮೆಟ್ಸ್ ಅಭಿಮಾನಿಗಳ ಮಾತಿಗೆ ಬರುತ್ತೇನೆ, ಯಾಕೆಂದರೆ ನಮ್ಮಲ್ಲೂ ಅಂಥವರಿದ್ದಾರೆ. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ತಲುಪಿ ಸೋತಿತು. 2017ರಲ್ಲಿ ಒಮ್ಮೆ 49ಕ್ಕೆ ಆಲ್ ಔಟ್ ಆಯಿತು. ಆದರೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’. ಬೇರೆ ಊರಿನವರು ಇದನ್ನು ಹಾಸ್ಯ ಮಾಡಿದರು. ಸೋತ ಮರುದಿನವೂ ಅದೇ ಕೆಂಪು ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುವ ಹುಡುಗರನ್ನು ನಾನು ರಜೆಗೆ ಬಂದಾಗಲೆಲ್ಲ ನೋಡಿದ್ದೇನೆ. ಇವರ ಮನಸ್ಸಿನಲ್ಲಿ ಏನಿದೆ ಅಂತ ಕೂತು ಕೇಳುವಂಥ ವಿಷಯ ಅಲ್ವಾ ಇದು? ಹದಿನೆಂಟು ವರ್ಷ ಒಂದು ಊರು ಸೋಲನ್ನು ಹೇಗೆ ಹೊತ್ತುಕೊಂಡು ನಡೆಯಿತು ಅನ್ನುವುದು ಒಂದು ಪುಸ್ತಕಕ್ಕೆ ಸಾಕಾಗುವ ವಿಷಯ.

1975ರ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಆರನೇ ಪಂದ್ಯವನ್ನು 12ನೇ ಇನಿಂಗ್ಸ್‌ನಲ್ಲಿ, ನಡುರಾತ್ರಿ ದಾಟಿದ ಮೇಲೆ ಗೆದ್ದಿತು. ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಗೆರೆಯ ಒಳಗೇ ಬೀಳಲಿ ಅಂತ ಕೈ ಬೀಸುತ್ತಾ ಕುಣಿದ ದೃಶ್ಯ ಇಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಪಂದ್ಯ ಸೋತು ಸೀರೀಸ್ ಕೈಬಿಟ್ಟಿತು. ಏಂಜೆಲ್ ಆ ರಾತ್ರಿಯನ್ನು ಬರೆಯುವಾಗ ಮೈದಾನ ಬಿಟ್ಟು ಹೊರಗೆ ಹೋಗುತ್ತಾರೆ. ಸುತ್ತಮುತ್ತಲಿನ ಸಣ್ಣ ಸಣ್ಣ ಊರುಗಳ ಹೆಸರು ಹೇಳುತ್ತಾ, ಅಲ್ಲಿ ರೇಡಿಯೋ, ಟಿವಿ ಮುಂದೆ ಕೂತವರು ಎದ್ದು ಕುಣಿಯುತ್ತಿರುವುದನ್ನು ಕಲ್ಪಿಸಿಕೊಳ್ಳುತ್ತಾರೆ. ಆಮೇಲೆ ಒಂದು ಮಾತು ಹೇಳುತ್ತಾರೆ. ದೊಡ್ಡವರಾದವರು ಯಾವುದೋ ತಂಡಕ್ಕೆ ಅಂಟಿಕೊಳ್ಳುವುದು ಹುಚ್ಚು ಅಂತ ನಗುವವರು ಒಂದನ್ನು ಮರೆಯುತ್ತಾರೆ. ಅದು ಮನಸ್ಸಿಟ್ಟು ಹಚ್ಚಿಕೊಳ್ಳುವುದು. ಏನನ್ನಾದರೂ ಹಾಗೆ ಹಚ್ಚಿಕೊಳ್ಳುವ ಶಕ್ತಿಯೇ ನಮ್ಮ ಬದುಕಿನಿಂದ ಕಡಿಮೆಯಾಗುತ್ತಿದೆ. ಅದು ಉಳಿಯುವುದಾದರೆ, ಎಲ್ಲೋ ಹಾರುವ ಚೆಂಡಿಗಾಗಿ ಕುಣಿಯುವ ಈ ಮುಗ್ಧತನ ದೊಡ್ಡ ಬೆಲೆಯೇನಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ರನ್‌ಗಳಿಂದ ಗೆದ್ದು ಆರ್‌ಸಿಬಿ ಕೊನೆಗೂ ಕಪ್ ಎತ್ತಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಆಮೇಲೆ ನಾನು ಓದಿದ ಬಹುಪಾಲು ಬರಹ ತಪ್ಪು ಯಾರದು ಅನ್ನುವುದರ ಬಗ್ಗೆ. ಅದು ಬೇಕೇ ಬೇಕು, ಉತ್ತರ ಸಿಗಬೇಕು. ಆದರೆ ಅವರನ್ನು ಹುಚ್ಚು ಅಭಿಮಾನಿಗಳು ಅಂತ ಕರೆದದ್ದನ್ನು ಓದಿ ನನಗೆ ಸಂಕಟವಾಯಿತು. ಅವರು ಹಚ್ಚಿಕೊಂಡವರು. ಆ ಹಚ್ಚಿಕೊಳ್ಳುವಿಕೆಗೆ ಗೌರವ ಕೊಟ್ಟು ಬರೆಯುವ ರೂಢಿ ನಮ್ಮ ಕ್ರೀಡಾ ಪುಟದಲ್ಲಿ ಮೊದಲಿನಿಂದ ಇದ್ದಿದ್ದರೆ, ಆ ಜನರ ಬಗ್ಗೆ ನಾವು ಬೇರೆ ಥರ ಮಾತಾಡುತ್ತಿದ್ದೆವು. ಅವರಿಗಾಗಿ ಗೇಟು, ದಾರಿ, ನೆರಳು, ನೀರು ಇರಬೇಕು ಅಂತ ಮೊದಲೇ ಕೇಳುತ್ತಿದ್ದೆವು ಅಂತಲೂ ಅನ್ನಿಸುತ್ತದೆ.

ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ 2023ರಲ್ಲಿ ತನ್ನ ಕ್ರೀಡಾ ವಿಭಾಗವನ್ನೇ ಮುಚ್ಚಿ, ತಾನು 55 ಕೋಟಿ ಡಾಲರಿಗೆ ಕೊಂಡಿದ್ದ ‘ದಿ ಅಥ್ಲೆಟಿಕ್’ ಅನ್ನುವ ಕ್ರೀಡಾ ಜಾಲತಾಣಕ್ಕೆ ಆ ಕೆಲಸ ಒಪ್ಪಿಸಿತು. 2024ರ ಜನವರಿಯಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಸಿಬ್ಬಂದಿಗೆ ಕೆಲಸ ಹೋಗುವ ನೋಟಿಸ್ ಬಂತು. ಬೇಸ್‌ಬಾಲ್ ಪ್ರಸಾರದಲ್ಲಿ ಈಗ ಚೆಂಡು ಬ್ಯಾಟಿನಿಂದ ಎಷ್ಟು ವೇಗದಲ್ಲಿ, ಎಷ್ಟು ಕೋನದಲ್ಲಿ ಹೊರಟಿತು ಅನ್ನುವುದೇ ಮಾತು. ಬೆಟ್ಟಿಂಗ್ ಜಾಹೀರಾತಂತೂ ಕಣ್ಣು ಬಿಟ್ಟಲ್ಲೆಲ್ಲ. ಏಂಜೆಲ್ ಥರ ಬರೆಯುವವರಿಗೆ ಇಲ್ಲೂ ಜಾಗ ಕಿರಿದಾಗುತ್ತಿದೆ.

ಆದರೆ ಇಲ್ಲಿ ಒಂದು ರೂಢಿ ಗಟ್ಟಿಯಾಗಿ ನಿಂತಿದೆ. ಆಟ ಮತ್ತು ಸಾಹಿತ್ಯ ಒಂದೇ ಜಗಲಿಯ ಮೇಲೆ ಕೂರುತ್ತವೆ. 1960ರಲ್ಲಿ ಟೆಡ್ ವಿಲಿಯಮ್ಸ್ ಕೊನೆಯ ಸಲ ಬಾಸ್ಟನ್‌ನಲ್ಲಿ ಆಡಿದಾಗ ಅದನ್ನು ಬರೆದವರು ಕಾದಂಬರಿಕಾರ ಅಪ್‌ಡೈಕ್. 2014ರಲ್ಲಿ ಏಂಜೆಲ್‌ಗೆ ಬೇಸ್‌ಬಾಲ್ ಬರಹಗಾರರ ಅತಿ ದೊಡ್ಡ ಗೌರವವಾದ ಸ್ಪಿಂಕ್ ಪ್ರಶಸ್ತಿ ಬಂತು. ಆ ಬರಹಗಾರರ ಸಂಘದ ಸದಸ್ಯರಲ್ಲದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮರುವರ್ಷ ಅಮೆರಿಕದ ಕಲೆ ಮತ್ತು ಸಾಹಿತ್ಯ ಅಕಾಡೆಮಿಗೂ ಅವರು ಆಯ್ಕೆಯಾದರು. ಕ್ರೀಡಾ ಪುಟ ಒಂದು ಕಡೆ, ಸಾಹಿತ್ಯದ ಪುರವಣಿ ಇನ್ನೊಂದು ಕಡೆ ಅನ್ನುವ ಗೋಡೆ ಅವರಿಗೆ ಅಡ್ಡ ಬರಲಿಲ್ಲ.

ನಮ್ಮಲ್ಲಿ ಆ ಗೋಡೆ ಇದೆ. ಕನ್ನಡದ ಕಥೆಗಾರರಲ್ಲಿ ಕ್ರಿಕೆಟ್ ಹುಚ್ಚಿನವರು ಎಷ್ಟೊಂದು ಜನ ಇದ್ದಾರೆ. ಊಟಕ್ಕೆ ಕೂತರೆ ಆಟದ ಮಾತೇ. ಬರೆಯಲು ಕೂತರೆ ಮಾತ್ರ ಆಟ ಹೊರಗೆ ಉಳಿಯುತ್ತದೆ. ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನು ತೆಗೆದು ನೋಡಿ. ಕಥೆ, ಕವಿತೆ, ಪ್ರವಾಸ, ಪ್ರಬಂಧ ಎಲ್ಲ ಇರುತ್ತದೆ. ಒಂದು ಪಂದ್ಯದ ಬಗ್ಗೆ, ಒಬ್ಬ ಕುಸ್ತಿ ಪೈಲ್ವಾನನ ಬಗ್ಗೆ, ಒಂದು ಊರಿನ ಕಬಡ್ಡಿ ತಂಡದ ಬಗ್ಗೆ ಹತ್ತು ಪುಟದ ಬರಹ ನನಗೆ ಸಿಕ್ಕಿದ್ದು ತೀರಾ ಅಪರೂಪ. ಅಷ್ಟು ದುಡ್ಡು, ಅಷ್ಟು ಸಮಯ ನಮ್ಮ ಪತ್ರಿಕೆಗಳಿಗೆ ಎಲ್ಲಿದೆ ಅಂತ ಸ್ನೇಹಿತರು ಕೇಳುತ್ತಾರೆ. ನಿಜ, ಅಷ್ಟಿಲ್ಲ. ಆದರೆ ವಿಶೇಷಾಂಕಕ್ಕೆ ಆತುರವಿಲ್ಲ. ಬರೆಯುವವರಿಗೆ ತಿಂಗಳುಗಟ್ಟಲೆ ಸಮಯ ಇರುತ್ತದೆ. ಗ್ಯಾಲರಿಯಲ್ಲಿ ಕೂರಲು ದೊಡ್ಡ ಖರ್ಚೂ ಇಲ್ಲ. ರಣಜಿ ಪಂದ್ಯಕ್ಕೆ ಹೋದರೆ ಖಾಲಿ ಜಾಗ ಬೇಕಾದಷ್ಟು.

ಮಾತು ನಮ್ಮ ಹತ್ತಿರ ಇಲ್ಲ ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್. ಬಾಂಬೆ ಸತತ 15 ವರ್ಷ ಟ್ರೋಫಿ ಗೆದ್ದಿದ್ದ ಕಾಲ. ನಮ್ಮ ಸ್ಪಿನ್ನರ್ ಪ್ರಸನ್ನ ಬಾಂಬೆಯ ಗಾವಸ್ಕರ್ ವಿಕೆಟ್ ಕಿತ್ತ ಚೆಂಡಿನ ಬಗ್ಗೆ ನನ್ನ ದೊಡ್ಡಪ್ಪ ಹೇಳಲು ಕೂತರೆ ಕಾಫಿ ಆರಿ ತಣ್ಣಗಾಗುತ್ತಿತ್ತು. ಚೆಂಡು ಬೆರಳು ಬಿಟ್ಟದ್ದು, ಗಾಳಿಯಲ್ಲಿ ನಿಂತದ್ದು, ಬ್ಯಾಟು ಕೆಳಗೆ ಬರುವಷ್ಟರಲ್ಲಿ ಒಳಗೆ ನುಗ್ಗಿದ್ದು, ಆಮೇಲೆ ಗ್ಯಾಲರಿಯಲ್ಲಿ ಅಕ್ಕಪಕ್ಕದ ಅಪರಿಚಿತರು ತಬ್ಬಿಕೊಂಡದ್ದು. “ನೀನು ಸ್ಕೋರ್ ಕೇಳಬೇಡ ಮರಿ, ಆ ಚೆಂಡು ಕೇಳು” ಅನ್ನುತ್ತಿದ್ದರು. ಆ ವರ್ಷ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ಅದನ್ನು ನೋಡಿದವರು ಈಗ ಎಪ್ಪತ್ತು, ಎಂಬತ್ತರ ಆಚೀಚೆ ಇದ್ದಾರೆ. ಅವರ ಮನೆಗೆ ಹೋಗಿ ಕೂರುವವರು ಬೇಗ ಹೋಗಬೇಕು.

ಹಳೆಯದೇ ಆಗಬೇಕಾಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಗೆದ್ದರು, ಪುರುಷರೂ ಗೆದ್ದರು. ಮಹಿಳೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಆ ದಿನಗಳಲ್ಲಿ ನಾನು ಓದಿದ ಸುದ್ದಿಯಲ್ಲಿ ಸನ್ಮಾನ, ಬಹುಮಾನದ ಹಣ ಎಲ್ಲ ಇತ್ತು. ಆಟ ಇರಲಿಲ್ಲ. ಕಂಬದ ಹತ್ತಿರ ಬಂದು ಮೈಯನ್ನು ನೆಲಕ್ಕೆ ಚೆಲ್ಲಿ ಎದುರಾಳಿಯ ಕಾಲು ಮುಟ್ಟುವುದನ್ನು ಒಬ್ಬ ಹುಡುಗಿ ಯಾವ ವಯಸ್ಸಿನಲ್ಲಿ ಕಲಿಯುತ್ತಾಳೆ? ಮಣ್ಣಿನಲ್ಲಿ ಕಲಿತದ್ದನ್ನು ಮ್ಯಾಟಿನ ಮೇಲೆ ಆಡುವಾಗ ಕಾಲಿಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ? ಅವಳ ಜೊತೆಗೇ ಕಲಿತು, ತಂಡಕ್ಕೆ ಆಯ್ಕೆಯಾಗದೆ ಉಳಿದ ಹುಡುಗಿಯರು ಆ ಫೈನಲನ್ನು ಎಲ್ಲಿ ಕೂತು ನೋಡಿದರು? ಮೈಸೂರಿನಲ್ಲಿರುವ ಯಾರಾದರೂ ಒಬ್ಬರು ಕುರುಬೂರಿಗೆ ಹೋಗಿ, ಆತುರ ಮಾಡದೆ, ಆ ಹುಡುಗಿಯರನ್ನೇ ಮೊದಲು ಮಾತಾಡಿಸಿ ಬರೆದರೆ, ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಅದನ್ನು ಮೊದಲ ದಿನವೇ ಓದುತ್ತೇನೆ.